ಹನ್ನೆರಡು ಪಿನ್ನಿನ ಪಿಜ್ಜಾ

ಐವತ್ತು ದಾಟಿದ ಗಂಡಸಿಗೆ ತಿನ್ನುವುದು ಹೇಗೆ ಅಂತ ಯಾರಾದರೂ ಹೇಳಿಕೊಡುತ್ತಾರೆಯೇ? ನನಗೆ ಹೇಳಿಕೊಟ್ಟರು! ಅದೂ ಎಲ್ಲರ ಎದುರಿಗೆ! ಹೇಳಿಕೊಟ್ಟವನು ಹೊರಗಿನವನೂ ಅಲ್ಲ, ನನ್ನ ಹೆಂಡತಿಯ ಅಕ್ಕನ ಗಂಡ, ಅಂದರೆ ನನ್ನ ಖಾಸಾ ಷಡ್ಡಕ. ಆ ಸಿಟ್ಟು ಇವತ್ತಿಗೂ ನನ್ನ ಹೊಟ್ಟೆಯೊಳಗೆ ಚಕ್ಕಳಮಕ್ಕಳ ಹಾಕಿ ಕೂತಿದೆ. ಏಳು ಅಂದರೂ ಏಳುವುದಿಲ್ಲ.

ಆವತ್ತು ಅವರ ಮನೆಗೆ ಊಟಕ್ಕೆ ಹೋಗಿದ್ದೆವು. ಅಂಗಡಿಯಿಂದ ದೊಡ್ಡದೊಂದು ಚೌಕದ ಡಬ್ಬ ತರಿಸಿದ್ದರು. ಮುಚ್ಚಳ ತೆಗೆದರೆ ಒಳಗೆ ದುಂಡನೆಯ ಪಿಜ್ಜಾ. ಅದರ ಮೇಲೆ ಬೇಯಿಸಿದ ಬೀನ್ಸ್ ಕಾಳು, ಕಾಳಿನ ಮೇಲೆ ಚೀಸು, ಚೀಸಿನ ಮೇಲೆ ಹಸಿ ಎಲೆ, ಎಲೆಯ ಮೇಲೆ ಹಸಿ ಟೊಮೇಟೊ, ಎಲ್ಲದರ ಮೇಲೆ ಪುಡಿ ಮಾಡಿದ ಜೋಳದ ಚಿಪ್ಸು! "ಇದು ಟ್ಯಾಕೋ ಪಿಜ್ಜಾ" ಅಂದ ಷಡ್ಡಕ. ನನಗೆ ಅಲ್ಲೇ ತಲೆ ಕೆಟ್ಟಿತು. ಟ್ಯಾಕೋ ಅಂದರೆ ಮಡಚಿ ತಿನ್ನುವುದು, ಪಿಜ್ಜಾ ಅಂದರೆ ಕತ್ತರಿಸಿ ತಿನ್ನುವುದು, ಅಷ್ಟು ನನಗೂ ಗೊತ್ತು. ಎರಡೂ ಒಂದೇ ತಟ್ಟೆಯಲ್ಲಿ ಬಂದು ಕೂತರೆ ಮನುಷ್ಯ ಮಡಚಬೇಕೋ, ಕತ್ತರಿಸಬೇಕೋ? ಎಲೆ ಅಲಂಕಾರಕ್ಕೆ ಇಟ್ಟದ್ದು ಅಂದುಕೊಂಡು ತೆಗೆದು ಪಕ್ಕಕ್ಕಿಟ್ಟೆ. ಉಳಿದದ್ದನ್ನು ಮಡಚಿದೆ. ಕಾಳೆಲ್ಲ ಹಿಂದಿನ ಬಾಗಿಲಿನಿಂದ ಇಳಿದು ನನ್ನ ಅಂಗಿಯ ಮೇಲೆ ಸಾಲಾಗಿ ಕೂತವು.

ನನ್ನ ಷಡ್ಡಕನಿಗೆ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವ ಕೆಲಸ. ಕಾರಿನಿಂದ ಇಳಿದರೂ ಕಲಿಸುವುದನ್ನು ನಿಲ್ಲಿಸದ ಪ್ರಾಣಿ. "ನಿಧಾನ, ನಿಧಾನ... ಎರಡೂ ಕೈಲಿ ಹಿಡ್ಕೊಳ್ಳಿ... ಮೂತಿ ಸ್ವಲ್ಪ ಮೇಲಕ್ಕೆ... ಹಾಂ, ಈಗ ಮುಂದಕ್ಕೆ ಬನ್ನಿ... ಬ್ರೇಕ್! ಬ್ರೇಕ್!" ಅನ್ನುತ್ತಾ ಮೇಜಿನ ಕೆಳಗೆ ಬಲಗಾಲಿನಿಂದ ನೆಲ ಒತ್ತಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನ್ನ ಹೆಂಡತಿಯೂ ನಕ್ಕಳು!

ನನಗೆ ಸಿಟ್ಟು ಮೂಗಿನ ತುದಿಯಲ್ಲಿ ಇರುತ್ತದೆ ಅಂತ ಜನ ಹೇಳುತ್ತಾರೆ. ಸುಳ್ಳು. ಮೂಗಿನಿಂದ ಒಂದಷ್ಟು ಮುಂದೆಯೇ ಇರುತ್ತದೆ, ನಾನು ಹಿಂದಿನಿಂದ ಹೋಗಿ ಸೇರಿಕೊಳ್ಳುತ್ತೇನೆ. ಅರ್ಧ ಊಟದಲ್ಲಿ ಎದ್ದೆ, ಹೆಂಡತಿಯನ್ನೂ ಎಬ್ಬಿಸಿದೆ, ಅವರ ಬಾಗಿಲು ಅವರಿಗೇ ಕೇಳಿಸುವ ಹಾಗೆ ಹಾಕಿಕೊಂಡು ಬಂದೆ.

ಅಲ್ಲಿಗೆ ಎರಡು ಮನೆಗಳ ನಡುವೆ ಹೋಗಿಬರುವುದು ನಿಂತಿತು. "ನಿನ್ನ ಗಂಡ ಬಾಯಿಬಿಟ್ಟು ಕರೆಯೋವರೆಗೂ ನಿಮ್ಮ ಹೊಸ್ತಿಲು ತುಳಿಯಲ್ಲ" ಅಂತ ಅತ್ತಿಗೆ, ಅಂದರೆ ಹೆಂಡತಿಯ ಅಕ್ಕ, ತಂಗಿಗೆ ಹೇಳಿಬಿಟ್ಟರು. ನಾನೂ ಬಾಯಿ ಬಿಡಲಿಲ್ಲ. ಅಕ್ಕತಂಗಿಯರದು ಬರೀ ಫೋನಿನ ಮಾತಾಯಿತು.

ನನ್ನದು ಸೋಫಾ, ಕುರ್ಚಿಗಳಿಗೆ ಹೊಸ ಬಟ್ಟೆ ಹೊದಿಸುವ ಕೆಲಸ. ಮನೆಯ ಕೆಳಗೇ ಅಂಗಡಿ. ನಾನು ಎಳೆದು ಮೊಳೆ ಹೊಡೆಯುತ್ತೇನೆ, ಹೆಂಡತಿ ಮೆಷಿನ್ನಿನಲ್ಲಿ ಹೊಲಿಯುತ್ತಾಳೆ. ಅವಳು ಅಕ್ಕನಿಗೆ ಫೋನ್ ಮಾಡಬೇಕಾದರೆ ಫೋಮಿನ ಹಾಳೆಗಳ ರಾಶಿಯ ಹಿಂದೆ ಹೋಗಿ ನಿಲ್ಲುತ್ತಿದ್ದಳು. ಒಂದು ದಿನ ಆ ಕಡೆಯಿಂದ ಮಾತು ಕೇಳಿಸಲಿಲ್ಲ, ಮೂಗು ಎಳೆಯುವ ಸದ್ದು ಕೇಳಿಸಿತು. ಫೋಮು ಸದ್ದನ್ನು ಹೀರಿಕೊಳ್ಳುತ್ತದೆ ನಿಜ. ಆದರೆ ಪೂರ್ತಿ ಹೀರುವುದಿಲ್ಲ.

ನನಗೆ ಕೈಲಿದ್ದ ಕೆಲಸ ಓಡಲಿಲ್ಲ. ಸುತ್ತಿಗೆ ಕೆಳಗಿಟ್ಟು ಘೋಷಣೆ ಮಾಡಿದೆ: "ಕರಿ ನಿನ್ನ ಅಕ್ಕನ್ನ! ನಾನೇ ಕರೆದೆ ಅಂತ ಹೇಳು! ಬರೀ ಕರೆಯೋದಲ್ಲ, ಅದೇ ಟ್ಯಾಕೋ ಪಿಜ್ಜಾನ ಈ ಕೈಯಲ್ಲಿ, ಈ ಮನೇಲಿ, ನಾನೇ ಮಾಡಿ ಬಡಿಸ್ತೀನಿ! ಆ ಮಹಾನುಭಾವ ತಿಂದು ನಾಲಿಗೆ ಮೇಲೆ ಬೆರಳಿಟ್ಕೋಬೇಕು!"

ಹೆಂಡತಿ ಕಣ್ಣು ಒರೆಸಿಕೊಂಡು ಹೊರಗೆ ಬಂದಳು. "ಮೂಗಿನ ಮೇಲೆ ಬೆರಳಿಡೋದು ಕಣ್ರೀ."

"ಎಲ್ಲಾದ್ರೂ ಇಟ್ಕೊಳ್ಳಲಿ!"

"ನೀವು ಮಾಡ್ತೀರಾ? ಮೊಟ್ಟೆ ಬೇಯಿಸೋಕೆ ಹೋಗಿ ಪಾತ್ರೆ ಬೇಯಿಸಿದೋರು!"

"ಅದು ಪಾತ್ರೆ ತಪ್ಪು. ಏನ್ ಮಹಾ ಪಿಜ್ಜಾ? ಕೆಳಗೆ ಹಲಗೆ, ಹಲಗೆ ಮೇಲೆ ಫೋಮು, ಅದರ ಮೇಲೆ ಬಟ್ಟೆ, ಕೊನೆಗೆ ಅಲ್ಲಲ್ಲಿ ಗುಂಡಿ. ಹುಟ್ಟಿದಾಗಿಂದ ಇದನ್ನೇ ಮಾಡ್ತಿದೀನಿ ನಾನು!"

ಅವಳು ನಗಲಿಲ್ಲ. ಕೈಲಿದ್ದ ಸೂಜಿಯನ್ನು ದಿಂಬಿಗೆ ಚುಚ್ಚಿ ನಿಲ್ಲಿಸಿದಳು. "ಎರಡು ಮಾತು ಹೇಳ್ತೀನಿ, ಕೇಳಿಸ್ಕೊಳ್ಳಿ. ಅಂಗಡಿ ಸಾಮಾನು ಒಂದೂ ಅಡುಗೆಮನೆಗೆ ಬರಕೂಡದು. ಭಾವ ಏನೇ ಅಂದ್ರೂ ನೀವು ಕೂಗಾಡಕೂಡದು. ಈ ಸಲ ನನ್ನ ಅಕ್ಕ ಬೇಜಾರಾಗಿ ಎದ್ದು ಹೋದ್ರೆ, ನಾನೂ ಅವಳ ಜೊತೆ ಎದ್ದು ಹೋಗ್ತೀನಿ. ಹೆದರಿಸ್ತಿಲ್ಲ. ಹೇಳ್ತಿದೀನಿ."

ಅವಳು ಹೆದರಿಸಿದರೆ ನನಗೆ ಹೆದರಿಕೆಯಿಲ್ಲ. ಹೇಳಿದರೆ ಹೆದರಿಕೆ.

ಆ ದಿನ ಬಂತು. ಹೆಂಡತಿ ಕೆಳಗೆ ಅಂಗಡಿಯಲ್ಲಿ ಯಾರದೋ ಕುಶನ್ ಕವರು ಮುಗಿಸುತ್ತಿದ್ದಳು. ನಾನು ಮೇಲೆ ಅಡುಗೆಮನೆಯಲ್ಲಿ ಏಪ್ರನ್ ಕಟ್ಟಿಕೊಂಡು ಸೇನಾಧಿಪತಿಯ ಹಾಗೆ ನಿಂತೆ. ನಾನು ಶಾಲೆ ಬಿಟ್ಟದ್ದು ಆರನೇ ಕ್ಲಾಸಿನಲ್ಲಿ. ಓದಿಕೊಂಡು ಮಾಡುವ ಅಡುಗೆ ನಮಗೆ ಆಗಿಬರುವುದಿಲ್ಲ. ಅದಕ್ಕೇ ಮಗಳಿಗೆ ಫೋನ್ ಹಚ್ಚಿ ಕಪಾಟಿನ ಮೇಲಿಟ್ಟೆ. ಅವಳಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಗಿರಾಕಿಗಳ ಕಣ್ಣು ಪರೀಕ್ಷೆ ಮಾಡುತ್ತಲೇ ನನಗೆ ಪಾಕಶಾಸ್ತ್ರ ಹೇಳಿದಳು.

"ಅಪ್ಪಾ, ಹಿಟ್ಟಿಗೆ ಈಸ್ಟು, ಉಪ್ಪು, ಬೆಚ್ಚಗಿನ ನೀರು ಹಾಕಿ ಚೆನ್ನಾಗಿ ನಾದಿ. ಮುಚ್ಚಿಡಿ. ಎರಡರಷ್ಟು ಆಗಬೇಕು."

"ಸರಿ." ಇದ್ದಷ್ಟೇ ಹಿಟ್ಟು ಇನ್ನೊಂದು ಸಲ ಅಳೆದು ಹಾಕಿದೆ. ಎರಡರಷ್ಟಾಯಿತು. ಮತ್ತೆ ನಾದಿದೆ. "ಆಯ್ತಮ್ಮ, ಎರಡರಷ್ಟು ಮಾಡಿದೆ. ಮುಂದೆ?"

"ಇಷ್ಟು ಬೇಗ ಆಗಲ್ಲಪ್ಪ! ಅದು ತಾನಾಗೇ ಉಬ್ಬಬೇಕು!"

"ತಾನಾಗೇ ಉಬ್ಬೋದಾದ್ರೆ ನಾನ್ಯಾಕೆ ಹಾಕ್ಬೇಕಿತ್ತು?"

"ಎಡಗಣ್ಣು ಮುಚ್ಕೊಳ್ಳಿ."

ಮುಚ್ಚಿಕೊಂಡೆ. ಪಿಜ್ಜಾಕ್ಕೂ ಎಡಗಣ್ಣಿಗೂ ಏನು ಸಂಬಂಧ ಅಂತ ತಿಳಿಯಲಿಲ್ಲ. ಆದರೆ ಎಲೆಗೂ ಪಿಜ್ಜಾಕ್ಕೂ ಏನು ಸಂಬಂಧ ಅಂತಲೂ ನನಗೆ ತಿಳಿದಿರಲಿಲ್ಲವಲ್ಲ!

"ಕೆಳಗಿನ ಸಾಲು ಓದಿ ಅಂಕಲ್."

"ಯಾರೇ ಅಂಕಲ್ಲು? ನಾನು ನಿನ್ನ ಅಪ್ಪ!"

"ಅಯ್ಯೋ, ನಿಮಗಲ್ಲಪ್ಪ, ಗಿರಾಕಿಗೆ! ನೀವು ಕಣ್ಣು ಬಿಡಿ!"

ಹಿಟ್ಟು ಉಬ್ಬಿತು. ಎರಡರಷ್ಟು ಹಾಕಿದ್ದು ಮತ್ತೆ ಎರಡರಷ್ಟಾಗಿ ಪಾತ್ರೆಯ ಮುಚ್ಚಳವನ್ನು ಟೋಪಿಯ ಹಾಗೆ ತಲೆಗಿಟ್ಟುಕೊಂಡು ಎದ್ದು ನಿಂತಿತು. ಅರ್ಧ ಕಿತ್ತು ಫ್ರಿಜ್ಜಿಗೆ ತಳ್ಳಿದೆ. ಉಳಿದರ್ಧವನ್ನು ಮರದ ಹಲಗೆಯ ಮೇಲೆ ಹಾಕಿ ಎಳೆದು ದುಂಡಗೆ ಮಾಡಿದೆ. ಕೈ ತೆಗೆದೆ. ಸರ್ರನೆ ಹಿಂದಕ್ಕೆ ಸರಿದು ಮುದುಡಿತು! ಮತ್ತೆ ಎಳೆದೆ. ಮತ್ತೆ ಮುದುಡಿತು. ಗದರಿದೆ, ಬೈದೆ, ಗುದ್ದಿದೆ. ಊಹೂಂ. ಎಳೆದರೆ ಬರುತ್ತದೆ, ಬಿಟ್ಟರೆ ತವರಿಗೆ ಓಡುತ್ತದೆ!

ಆಗ ನನ್ನೊಳಗಿನ ಕಸುಬುದಾರ ಎದ್ದು ಕೂತ. ಹೊಸ ರೆಕ್ಸಿನ್ನೂ ಹೀಗೇ ಹಠ ಮಾಡುತ್ತದೆ. ಅದಕ್ಕೇನು ಮದ್ದು? ಎಳೆದು ಸುತ್ತಲೂ ಪಿನ್ನು ಚುಚ್ಚಿ ಸ್ವಲ್ಪ ಹೊತ್ತು ಬಿಟ್ಟರೆ ತಾನಾಗೇ ಬುದ್ಧಿ ಕಲಿಯುತ್ತದೆ. ರೆಕ್ಸಿನ್ನಿಗೆ ಬಂದ ಬುದ್ಧಿ ಹಿಟ್ಟಿಗೆ ಬಾರದೇ?

ಹಿಂದಿನ ಮೆಟ್ಟಿಲಿನಿಂದ ಕಳ್ಳನ ಹಾಗೆ ಇಳಿದು, ಹೆಂಡತಿಯ ಬೆನ್ನ ಹಿಂದಿನಿಂದಲೇ ಹನ್ನೆರಡು ಹೊಸ ಉಕ್ಕಿನ ಪಿನ್ನುಗಳನ್ನು ಒಂದು ಸಣ್ಣ ಡಬ್ಬಿಯಲ್ಲಿ ಹಾಕಿ ತಂದೆ. ಕುದಿಯುವ ನೀರಿನಲ್ಲಿ ಹಾಕಿ ತೊಳೆದೆ. ನಾನೇನು ಕೊಳಕನಲ್ಲ! ಅಭ್ಯಾಸಬಲ, ಒಂದಷ್ಟು ತುಟಿಗಳ ನಡುವೆ ಕಚ್ಚಿಕೊಂಡೆ. ನಮ್ಮ ಕಸುಬಿನವರಿಗೆ ಬಾಯಿಯೇ ಮೂರನೆಯ ಕೈ. ಹಿಟ್ಟನ್ನು ಎಳೆದು, ಗಡಿಯಾರದ ಅಂಕಿಗಳ ಹಾಗೆ ಹನ್ನೆರಡು ಕಡೆ ಹಲಗೆಗೆ ಚುಚ್ಚಿದೆ. ನಿಂತಿತು! ಡೋಲು ಕಟ್ಟಿದ ಹಾಗೆ ಬಿಗಿಯಾಗಿ ನಿಂತಿತು! ಆ ಷಡ್ಡಕ ಏಳು ಜನ್ಮ ಎತ್ತಿದರೂ ಅವನಿಗೆ ಈ ಉಪಾಯ ಹೊಳೆಯುತ್ತಿತ್ತೇ?

ನಾನು ಹೀಗೆ ಉಬ್ಬುತ್ತಿರುವಾಗಲೇ ಮೆಟ್ಟಿಲ ಮೇಲೆ ಹೆಂಡತಿಯ ಹೆಜ್ಜೆ ಸದ್ದು. ಅದೇ ಹೊತ್ತಿಗೆ ಫೋನಿನಲ್ಲಿ ಮಗಳು, "ಅಪ್ಪಾ, ಅಂಚು ದಪ್ಪ ಇರಬೇಕು, ಒಳಗಡೆಗೆ ಮಡಚಿ!" ಪಿನ್ನುಗಳನ್ನು ಸರಸರ ಕಿತ್ತು ಡಬ್ಬಿಗೆ ತುಂಬಿ, ಡಬ್ಬಿಯನ್ನು ಸಕ್ಕರೆ ಪಾತ್ರೆಯ ಹಿಂದೆ ಬಚ್ಚಿಟ್ಟು, ಹಿಟ್ಟನ್ನು ಟ್ರೇಗೆ ಮಗುಚಿ, ಅಂಚನ್ನು ಸುತ್ತಲೂ ಮಡಚಿ ಸೋಫಾದ ಅಂಚಿಗೆ ಪೈಪಿಂಗ್ ಪಟ್ಟಿ ಕೊಟ್ಟ ಹಾಗೆ ಒತ್ತಿದೆ. ಹೆಂಡತಿ ಬಾಗಿಲಲ್ಲಿ ಬಂದು ನಿಂತಳು. ನಾನು ಗಾಳಿ ಹಾಕಿಕೊಳ್ಳುತ್ತಾ ನಿಂತಿದ್ದೆ.

"ಯಾಕೆ ಹೀಗೆ ಬೆವರ್ತಿದೀರಿ?"

"ಅಡುಗೆಯಲ್ಲವೇ! ತಪಸ್ಸು ಕಣೇ ಇದು."

ಅವಳು ಟ್ರೇ ನೋಡಿದಳು. "ಅಂಚು ಎಷ್ಟು ಚೆನ್ನಾಗಿ ಬಂದಿದೆ ರೀ!" ಅಂದಳು. ಮದುವೆಯಾದ ಮೇಲೆ ಅಡುಗೆಮನೆಯಲ್ಲಿ ನನಗೆ ಸಿಕ್ಕ ಮೊದಲ ಹೊಗಳಿಕೆ. ನೆಲದಿಂದ ಒಂದು ಗೇಣು ಮೇಲೆ ಹೋದೆ.

ಸಾಸು ಬಳಿದೆ, ಖಾರ ಹಾಕಿ ಬೇಯಿಸಿದ ಕಾಳು ಹರಡಿದೆ, ಚೀಸು ತುರಿದೆ, ಎಲೆ ಹೊದಿಸಿದೆ, ಓವನ್ನಿಗೆ ತಳ್ಳಿದೆ. ಸ್ವಲ್ಪ ಹೊತ್ತಿಗೆ ಒದ್ದೆ ಹುಲ್ಲು ಸುಟ್ಟ ವಾಸನೆ ಬಂತು. ಎಲೆ ಸುಡುತ್ತಿದೆ ಅಂತ ಮಗಳಿಗೆ ಹೇಳಿದೆ. "ಅಪ್ಪಾ, ಎಲೆ ಓವನ್ನಿಗೆ ಹೋಗಲ್ಲ! ಅದು ಬೆಂದಾದ ಮೇಲೆ ಹಸಿ ಹಸಿ ಹಾಕೋದು!" ಅಂತ ಫೋನು ಕಿರುಚಿತು. ಎಲೆಗಳನ್ನು ಒಂದೊಂದಾಗಿ ಕಿತ್ತು ತೆಗೆದೆ. ಬೇಯಿಸುವುದನ್ನು ಬೇಯಿಸಿ, ಹಸಿ ಇರಬೇಕಾದ್ದನ್ನು ಹಸಿಯಾಗಿ ಹಾಕಿ, ಮೇಲಿಂದ ಚಿಪ್ಸು ಪುಡಿ ಮಾಡಿ ಸುರಿದೆ. ನಿಜ ಹೇಳುತ್ತೇನೆ, ಅದು ಅಂಗಡಿಯದಕ್ಕಿಂತ ಚೆನ್ನಾಗಿತ್ತು!

ಅಷ್ಟರಲ್ಲಿ ಅವರು ಬಂದರು. ಅಕ್ಕತಂಗಿಯರು ಬಾಗಿಲಲ್ಲೇ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತುಬಿಟ್ಟರು, ಒಳಗೆ ಬರುವವರಿಗೂ ದಾರಿಯಿಲ್ಲ, ಹೊರಗೆ ಹೋಗುವವರಿಗೂ ದಾರಿಯಿಲ್ಲ. "ಎಷ್ಟು ಸೊರಗಿದೀಯೇ!" "ನೀನೇನು ಕಮ್ಮಿಯಾ!" ಇಬ್ಬರೂ ಸೊರಗಿರಲಿಲ್ಲ, ಅದು ಬೇರೆ ವಿಷಯ. ಷಡ್ಡಕ ಬಿಳಿ ಅಂಗಿ ಹಾಕಿಕೊಂಡು, "ಹೇಗಿದೀರಿ?" ಅಂದ. "ಹೀಗೇ" ಅಂದೆ. ನಮ್ಮಿಬ್ಬರ ಒಂದು ವರ್ಷದ ಲೆಕ್ಕ ಅಷ್ಟಕ್ಕೇ ಮುಗಿಯಿತು.

ನಡುಮನೆಯ ಮೇಜಿನ ಮೇಲೆ ಪಿಜ್ಜಾ ಇಟ್ಟು ಕತ್ತರಿಸಿ ಬಡಿಸಿದೆ. ಅತ್ತಿಗೆ ಕಣ್ಣರಳಿಸಿ, "ಇದನ್ನ ಇವರು ಮಾಡಿದ್ದಾ? ನಮ್ಮನೆಯವರಿಗೆ ಟೀ ಸೋಸೋಕೂ ಬರಲ್ಲ" ಅಂದರು. ನನ್ನ ಕಿವಿಗೆ ಸಂಗೀತ! ಷಡ್ಡಕ ಒಂದು ತುಂಡು ಕೈಗೆತ್ತಿಕೊಂಡ, ದಪ್ಪ ಅಂಚಿನ ಕಡೆಯಿಂದಲೇ ಒಂದು ದೊಡ್ಡ ತುತ್ತು ಕಚ್ಚಿದ. ಏನಾದರೂ ಹೇಳುತ್ತಾನೆ ಅಂತ ಕಾದೆ. ಹೇಳಲಿಲ್ಲ. ಬಾಯಿ ಮುಚ್ಚಿಕೊಂಡು ಸುಮ್ಮನೆ ನನ್ನನ್ನೇ ನೋಡಿದ. ಸೋತ ಅಂದುಕೊಂಡೆ!

"ರೀ, ನೀರು ತನ್ನಿ" ಅಂದಳು ಹೆಂಡತಿ. ವಿಜಯಶಾಲಿಯಾಗಿ ಅಡುಗೆಮನೆಗೆ ಹೋದೆ. ಸಕ್ಕರೆ ಪಾತ್ರೆಯ ಹಿಂದೆ ಡಬ್ಬಿ ಕಂಡಿತು. ಇವಳ ಕಣ್ಣಿಗೆ ಬೀಳುವ ಮೊದಲು ಎತ್ತಿಡೋಣ ಅಂತ ಮುಚ್ಚಳ ತೆಗೆದು ಸುಮ್ಮನೆ ಎಣಿಸಿದೆ.

ಹನ್ನೊಂದು.

ತಪ್ಪು ಎಣಿಸಿದೆ ಅಂತ ಮತ್ತೆ ಎಣಿಸಿದೆ. ಹನ್ನೆರಡು! ಉಸಿರು ಬಿಟ್ಟೆ. ಗಟ್ಟಿ ಮಾಡಿಕೊಳ್ಳೋಣ ಅಂತ ಇನ್ನೊಂದು ಸಲ ಎಣಿಸಿದೆ. ಹನ್ನೊಂದು. ಒಂದೇ ಪಿನ್ನನ್ನು ಎರಡು ಸಲ ಎಣಿಸಿದ್ದೆನೇ, ಒಂದು ಪಿನ್ನನ್ನು ಬಿಟ್ಟೇ ಎಣಿಸಿದ್ದೆನೇ? ಡಬ್ಬಿಯನ್ನು ಕಟ್ಟೆಯ ಮೇಲೆ ಬೋರಲು ಹಾಕಿ ಸಿಪಾಯಿಗಳ ಹಾಗೆ ಸಾಲು ನಿಲ್ಲಿಸಿದೆ. ಹನ್ನೊಂದೇ! ನೆಲ ತಡಕಿದೆ, ಏಪ್ರನ್ ಕೊಡವಿದೆ, ಬಾಯೊಳಗೆ ಬೆರಳು ಹಾಕಿ ಹುಡುಕಿದೆ. ಇಲ್ಲ! ಹಾಗಾದರೆ ಆ ಹನ್ನೆರಡನೆಯದು ಎಲ್ಲಿ? ನಾನು ಅಷ್ಟು ಪ್ರೀತಿಯಿಂದ ಮಡಚಿ ಒತ್ತಿದ ಆ ಅಂಚು ಕಣ್ಣ ಮುಂದೆ ಬಂತು.

ಅದೇ ಕ್ಷಣಕ್ಕೆ ನಡುಮನೆಯಿಂದ ಒಂದು ಸದ್ದು ಬಂತು. ಕಟಕ್!

ನಡುಮನೆಗೆ ಓಡಿದೆ. ಅತ್ತಿಗೆ ನಗುತ್ತಾ ಅಗಿಯುತ್ತಿದ್ದರು. ಚಿಪ್ಸು. ಕಟಕ್! ತಿರುಗಿದೆ. ಹೆಂಡತಿ. ಚಿಪ್ಸು. ಕುಟುಂ! ಷಡ್ಡಕ. ಚಿಪ್ಸೇ? ಗೊತ್ತಿಲ್ಲ! ಈ ದರಿದ್ರ ತಿಂಡಿಯನ್ನು ಯಾವನು ಕಂಡುಹಿಡಿದನೋ! ಮೆತ್ತಗಿನ ಪಿಜ್ಜಾ ಆಗಿದ್ದರೆ ಒಂದು ಸದ್ದಿಗೆ ಒಂದು ಅರ್ಥ ಇರುತ್ತಿತ್ತು. ಇಲ್ಲಿ ಮೂರು ಜನ, ಮೂರು ಬಾಯಿ, ಕಟಕ್ ಕುಟುಂ ಕಟಕ್! ಯಾವುದು ಜೋಳ, ಯಾವುದು ಉಕ್ಕು?

ನಿಜ ಹೇಳಿಬಿಡಲೇ? ಹೇಳಿದರೆ ಅಂಗಡಿ ಸಾಮಾನು ಅಡುಗೆಮನೆಗೆ ಬಂದದ್ದು ಬಯಲು. ಅದಕ್ಕಿಂತ ಹೆಚ್ಚಾಗಿ, ಕರೆದು ಕೂರಿಸಿ ಪಿನ್ನು ತಿನ್ನಿಸಿದರು ಅಂತ ಅತ್ತಿಗೆ ಎದ್ದರೆ, ಇವಳೂ ಏಳುತ್ತಾಳೆ. ಹೇಳದಿದ್ದರೆ? ಯಾರ ಗಂಟಲಿಗೋ ಏನೋ!

ಆಗ ನನ್ನ ಸುತ್ತಿಗೆ ನೆನಪಾಯಿತು. ನಮ್ಮ ಕಸುಬಿನ ಸುತ್ತಿಗೆಯ ಒಂದು ಮುಖ ಅಯಸ್ಕಾಂತದ್ದು, ಮೊಳೆಯನ್ನು ಎಳೆದು ಹಿಡಿದುಕೊಳ್ಳುತ್ತದೆ. ದಡದಡ ಇಳಿದು ತಂದೆ. ಬೆನ್ನ ಹಿಂದೆ ಸುತ್ತಿಗೆ ಹಿಡಿದು ಊಟದ ಮನೆಗೆ ಬರುವವನನ್ನು ನೋಡಿ ಯಾರಿಗಾದರೂ ಪ್ರೀತಿ ಉಕ್ಕುತ್ತದೆಯೇ?

"ಏನ್ರೀ ಅದು ಕೈಲಿ?" ಹೆಂಡತಿ ಹಲ್ಲು ಕಚ್ಚಿ ಕೇಳಿದಳು.

"ಇದಾ? ಇದು... ಪಿಜ್ಜಾ ನೋಡೋದು."

"ಸುತ್ತಿಗೆಯಲ್ಲಿ ನೋಡ್ತಾರಾ?" ಅತ್ತಿಗೆ ತುತ್ತು ನಿಲ್ಲಿಸಿದರು.

"ಹೊಸ ಪದ್ಧತಿ" ಅಂದೆ. ಉಳಿದ ಪಿಜ್ಜಾದ ಮೇಲೆ ಸುತ್ತಿಗೆಯನ್ನು ದುಂಡಗೆ ಮೂರು ಸಲ ಆಡಿಸಿದೆ. ಮಂತ್ರ ಒಂದು ಬಾಕಿ! ಚೀಸಿನ ದಾರ ಅಂಟಿಕೊಂಡು ಬಂತೇ ಹೊರತು ಪಿನ್ನು ಬರಲಿಲ್ಲ. ಹಾಗಾದರೆ ತಟ್ಟೆಗಳಲ್ಲೇ ಇದೆ! ಹೆಂಡತಿಯ ತಟ್ಟೆಯ ಮೇಲೆ ಆಡಿಸಿದೆ. ಷಡ್ಡಕನ ತಟ್ಟೆಯ ಮೇಲೆ ಆಡಿಸಿದೆ. ಅವನ ಕಣ್ಣಲ್ಲಿ ನೀರು ತುಂಬಿತ್ತು, ತುಟಿ ಬಿಗಿದುಕೊಂಡಿದ್ದ. ನಗು ತಡೆದುಕೊಂಡು ಕಣ್ಣೀರು ಹಾಕುತ್ತಿದ್ದಾನೆ, ನೀಚ! ಅಂದುಕೊಂಡೆ. ಅವನು ನನಗೆ ಮಾತ್ರ ಕಾಣುವ ಹಾಗೆ ಒಂದು ಬೆರಳೆತ್ತಿ, ಹುಬ್ಬು ಹಾರಿಸಿ, 'ಒಂದೇ ತಾನೇ?' ಅನ್ನುವ ಹಾಗೆ ನೋಡಿದ. ಇನ್ನೊಂದು ತುಂಡು ಕೇಳುತ್ತಿದ್ದಾನೆ ಅಂದುಕೊಂಡು ತಲೆಯಾಡಿಸಿದೆ. ಅವನು ಸಮಾಧಾನದಿಂದ ಉಸಿರು ಬಿಟ್ಟ. ಎಂಥ ಹೊಟ್ಟೆಬಾಕ!

ಅಷ್ಟರಲ್ಲಿ ಅತ್ತಿಗೆ ಅಂಚಿನ ತುಂಡನ್ನೇ ಎತ್ತಿ ಬಾಯಿಗಿಟ್ಟರು.

"ಅಗೀಬೇಡಿ!" ಅಂತ ಗುಡುಗಿದೆ. ಅವರ ಕೈಯಿಂದ ತುಂಡು ಕಿತ್ತೆ, ತಟ್ಟೆಯನ್ನೂ ಎಳೆದುಕೊಂಡೆ.

ಫ್ರಿಜ್ಜು ಕೂಡ ಗೊಣಗುವುದನ್ನು ನಿಲ್ಲಿಸಿತು. ಅತ್ತಿಗೆಯ ಮುಖ ಮೊದಲು ಬಿಳಿಯಾಯಿತು, ಆಮೇಲೆ ಕೆಂಪಾಯಿತು.

"ಊಟಕ್ಕೆ ಕರೆದು ಬಾಯಿಂದ ಕಿತ್ಕೊಳ್ಳೋದಾ? ಇದಕ್ಕಾ ಕರೆದದ್ದು ನಮ್ಮನ್ನ?" ಕೈಚೀಲ ತೆಗೆದುಕೊಂಡು ಎದ್ದೇಬಿಟ್ಟರು. "ನಡೀರಿ. ಇವರ ಬುದ್ಧಿ ಬದಲಾಗಿದೆ ಅಂದ್ಕೊಂಡು ಬಂದೆನಲ್ಲ, ನನಗೆ ಬುದ್ಧಿ ಇಲ್ಲ!"

ನನ್ನ ಹೆಂಡತಿ ಬೈದಿದ್ದರೆ ಚೆನ್ನಾಗಿತ್ತು. ಸುಮ್ಮನೆ ಎದ್ದು ನಿಂತಳು, ಗೋಡೆಗೆ ತೂಗುಹಾಕಿದ್ದ ತನ್ನ ಕೈಚೀಲದ ಕಡೆಗೆ ನಡೆದಳು. ಆದದ್ದಾಗಲಿ, ಹೇಳಿಬಿಡೋಣ ಅಂತ ಬಾಯಿ ತೆಗೆದೆ. "ಅದು... ಅತ್ತಿಗೆ... ಅದರೊಳಗೆ..."

"ಬ್ರೇಕ್!"

ಷಡ್ಡಕನ ಬಲಗಾಲು ನೆಲಕ್ಕೆ ಅಪ್ಪಳಿಸಿತು. ಬಂದಾಗಿನಿಂದ ಅವನಾಡಿದ ಎರಡನೆಯ ಮಾತು ಅದು. ನಾಲಿಗೆ ಏನೋ ದಪ್ಪಗಾದ ಹಾಗಿತ್ತು. "ಅವರದ್ದೇನೂ ತಪ್ಪಿಲ್ಲ ಕಣೇ. ನಾನೇ ಕಣ್ಸನ್ನೆ ಮಾಡಿದ್ದು. ನಿನಗೆ ಕಾಳು ತಿಂದ್ರೆ ಹೊಟ್ಟೆ ಉಬ್ಬುತ್ತಲ್ಲ, ಜಾಸ್ತಿ ಕೊಡಬೇಡಿ ಅಂತ."

"ನನಗಾ?" ಅತ್ತಿಗೆ ಗಂಡನ ಕಡೆಗೆ ತಿರುಗಿದರು. "ಹೊಟ್ಟೆ ಉಬ್ಬೋದು ನಿಮಗೆ!"

"ಹೌದಾ? ನನಗಾ? ಯಾರಿಗೋ ಒಬ್ಬರಿಗೆ ಅಂತ ಜ್ಞಾಪಕ ಇತ್ತು."

"ಮತ್ತೆ ಆ ಸುತ್ತಿಗೆ?"

"ಅದೂ ನಾನೇ. ಚಿಪ್ಸು ದಪ್ಪ ಇದೆ, ಒಂದು ಸ್ವಲ್ಪ ಕುಟ್ಟಿ ಅಂತ ಸನ್ನೆ ಮಾಡಿದೆ."

ಅಷ್ಟು ಸಾಕಾಯಿತು! ನನ್ನ ಕಡೆ ತಿರುಗಿದ್ದ ತೋಪು ಪೂರ್ತಿಯಾಗಿ ಅವನ ಕಡೆಗೆ ತಿರುಗಿತು. "ಹೋದ ಮನೇಲೆಲ್ಲ ಪಾಠ! ತಿನ್ನೋದಕ್ಕೂ ಪಾಠ, ಬಡಿಸೋದಕ್ಕೂ ಪಾಠ! ಪಾಪ, ಅವರು ಬೆವರು ಸುರಿಸಿ ಮಾಡಿದಾರೆ, ಇವರು ಕೂತಲ್ಲೇ ಸ್ಟೀರಿಂಗ್ ತಿರುಗಿಸ್ತಾರೆ! ನಿಮ್ಮಿಂದ ಹೋದ ಸಲಾನೂ ಹೀಗೇ ಆಗಿದ್ದು!" ಅತ್ತಿಗೆ ಬೈದರು, ಬೈಯುತ್ತಲೇ ಕೈಚೀಲ ಕೆಳಗಿಟ್ಟರು, ಕೂತರು, ನನ್ನ ಕೈಯಿಂದ ತಮ್ಮ ತಟ್ಟೆ ವಾಪಸು ತೆಗೆದುಕೊಂಡರು. ಹೆಂಡತಿಯೂ ಬಂದು ಅಕ್ಕನ ಪಕ್ಕ ಒತ್ತಿ ಕೂತಳು. ಷಡ್ಡಕ ತಲೆ ತಗ್ಗಿಸಿ ಬೈಗುಳವನ್ನೆಲ್ಲ ತಿಂದ. ನಡುವೆ ನನ್ನ ಕಡೆ ನೋಡಿ, "ಎಲ್ಲರೂ ಧೈರ್ಯವಾಗಿ ತಿನ್ನಿ. ಇನ್ನೇನೂ ಇಲ್ಲ" ಅಂದ.

ಇನ್ನೇನೂ ಇಲ್ಲ ಅಂದರೆ? ಹಿಂದೆ ಏನಿತ್ತು? ಇವನು ಯಾಕೆ ನನ್ನ ಪರ ಸುಳ್ಳು ಹೇಳುತ್ತಿದ್ದಾನೆ? ಒಂದೂ ಅರ್ಥವಾಗಲಿಲ್ಲ. ಪ್ರತಿ ಕಟಕ್‌ಗೂ ಕುರ್ಚಿಯಿಂದ ಎಗರುತ್ತಾ, ಬೆಪ್ಪನ ಹಾಗೆ ಕೂತಿದ್ದೆ. ತಟ್ಟೆಗಳು ಖಾಲಿಯಾದವು. ಯಾರೂ ಸಾಯಲಿಲ್ಲ. ಅಕ್ಕತಂಗಿಯರು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದರು. ಫ್ರಿಜ್ಜು ತೆಗೆದಿರಬೇಕು. ನಾನು ತಳ್ಳಿದ್ದ ಉಳಿದರ್ಧ ಹಿಟ್ಟು ಹಾಲಿನ ಪಾತ್ರೆಯನ್ನು ತಬ್ಬಿಕೊಂಡು ಮಲಗಿದ್ದನ್ನು ನೋಡಿ ಇಬ್ಬರೂ ಹೋ ಎಂದು ನಕ್ಕ ಸದ್ದು ಕೇಳಿಸಿತು. ಒಂದು ವರ್ಷದಿಂದ ನಮ್ಮ ಮನೆಯಲ್ಲಿ ಅಂಥ ನಗು ಕೇಳಿರಲಿಲ್ಲ.

ಷಡ್ಡಕ ನನ್ನನ್ನು ಬಾಲ್ಕನಿಗೆ ಕರೆದ. ಅಂಗಿಯ ಜೇಬಿನಿಂದ ಮಡಚಿದ ಒಂದು ಟಿಶ್ಯೂ ತೆಗೆದು ಬಿಚ್ಚಿದ.

"ನಿಮ್ಮದಾ?"

ಹನ್ನೆರಡನೆಯದು! ಬೀದಿದೀಪದ ಬೆಳಕಲ್ಲಿ ಮಿಣ್ಣಗೆ ಹೊಳೆಯುತ್ತಾ ಮಲಗಿತ್ತು.

"ಎ... ಎಲ್ಲಿ ಸಿಕ್ತು?"

"ಮೊದಲನೇ ತುತ್ತಲ್ಲೇ." ನಾಲಿಗೆ ಹೊರಗೆ ಚಾಚಿ ತೋರಿಸಿದ. ತುದಿಯಲ್ಲಿ ಕೆಂಪಗೆ ಒಂದು ಗೀರು. ಆ ಗೀರಿನ ಮೇಲೆ ನನ್ನ ಖಾರದ ಕಾಳು ಒಂದು ತಟ್ಟೆ ತಿಂದಿದ್ದ!

"ಮತ್ತೆ ಬಾಯಿ ಬಿಡೋದಲ್ವಾ!"

"ಬಿಟ್ಟಿದ್ರೆ ಪಿನ್ನು ಬೀಳ್ತಿತ್ತಲ್ಲ. ಕೆನ್ನೆಯೊಳಗೆ ಇಟ್ಕೊಂಡಿದ್ದೆ. ನೀವು ನೀರು ತರೋಕೆ ಹೋದಾಗ ಜೇಬಿಗೆ ಹಾಕ್ದೆ." ಅಡುಗೆಮನೆಯ ಕಡೆ ಒಮ್ಮೆ ನೋಡಿದ. ದನಿ ತಗ್ಗಿಸಿದ. "ನಮ್ಮನೇಲಿ ಅವಳು ತಂಗಿಗೆ ಫೋನ್ ಮಾಡೋಕೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಕೋತಾಳೆ. ಅತ್ತರೆ ನನಗೆ ಕೇಳಿಸಲ್ಲ ಅಂತ ಅವಳ ಲೆಕ್ಕ. ಇವತ್ತು ದಾರಿಯುದ್ದಕ್ಕೂ ಹಾಡು ಹೇಳ್ಕೊಂಡು ಬಂದ್ಲು. ಒಂದು ಪಿನ್ನಿಗೋಸ್ಕರ ಅದನ್ನ ಕೆಡಿಸೋದಾ?"

ಓದುಗರೇ, ಇಂಥ ಹೊತ್ತಿನಲ್ಲಿ ಮನುಷ್ಯನಾದವನು ಹೇಳಬೇಕಾದ ಮಾತು ಒಂದೇ. ದೊಡ್ಡ ಉಪಕಾರ ಆಯ್ತು ಅಂತ. ಬಾಯಿಯವರೆಗೂ ಬಂತು. ತುಟಿ ತೆರೆದೆ. ಅಷ್ಟರಲ್ಲಿ ಅವನೇ ಶುರು ಮಾಡಿದ:

"ಆದ್ರೂ ಒಂದು ಮಾತು. ಹಿಟ್ಟನ್ನ ಹಾಗೆ ಒಂದೇ ಸಲ ಎಳೀಬಾರದು. ಫಸ್ಟ್ ಗೇರಲ್ಲಿ ಸ್ವಲ್ಪ ಎಳೆದು, ನ್ಯೂಟ್ರಲ್ಲಿಗೆ ಹಾಕಿ ಹಾಗೇ ಬಿಡಬೇಕು. ಆಮೇಲೆ ಸೆಕೆಂಡ್ ಗೇರು. ನೀವು ನಿಂತಲ್ಲಿಂದ ಟಾಪ್ ಗೇರಿಗೆ ಹೋಗಿದೀರಿ, ಅದಕ್ಕೇ ಅದು..."

"ನನಗೆ ಹೇಳಿಕೊಡ್ತೀಯೇನಯ್ಯಾ!" ಅಂದುಬಿಟ್ಟೆ. ಬಾಯಿಗೆ ಬಂದ ಉಪಕಾರದ ಮಾತು ಅಲ್ಲಿಂದಲೇ ರಿವರ್ಸ್ ಹೊಡೆದು ಹೊಟ್ಟೆಗಿಳಿಯಿತು. ಅವನು ನಕ್ಕು ಟಿಶ್ಯೂ ಮಡಚಿ ಜೇಬಿಗಿಟ್ಟುಕೊಂಡ. ನನ್ನ ಪಿನ್ನನ್ನು ವಾಪಸು ಕೊಡಲೂ ಇಲ್ಲ, ನಾನು ಕೇಳಲೂ ಇಲ್ಲ.

ಈಗ ಎರಡು ಮನೆಗಳೂ ಒಂದೇ ಆಗಿವೆ. ಅಕ್ಕತಂಗಿಯರಿಗೆ ಫೋಮೂ ಬೇಡ, ನಲ್ಲಿಯೂ ಬೇಡ. ಪಿನ್ನಿನ ವಿಷಯ ಇಬ್ಬರಿಗೂ ಗೊತ್ತಿಲ್ಲ. ನೀವೂ ದಯವಿಟ್ಟು ಹೇಳಬೇಡಿ. ಅವನೂ ಹೇಳಿಲ್ಲ, ಮಾರಾಯ, ಒಂದು ಸಲವೂ ಹೇಳಿಲ್ಲ, ಹಂಗಿಸಿಯೂ ಇಲ್ಲ. ಅದೇ ನನ್ನನ್ನು ಹೆಚ್ಚು ಸುಡುವುದು.

ಕೊನೆಗೆ ಮೊನ್ನೆ ಗಟ್ಟಿ ಮನಸ್ಸು ಮಾಡಿದೆ. ಕನ್ನಡಿಯ ಮುಂದೆ ನಿಂತು ಆ ಮಾತನ್ನು ಅಭ್ಯಾಸ ಮಾಡಿದೆ. ಹೆಂಡತಿ, "ಯಾರ ಹತ್ರ ಮಾತಾಡ್ತಿದೀರಿ?" ಅಂದಳು. "ಹಲ್ಲು ನೋಡ್ಕೋತಿದೀನಿ" ಅಂದೆ. ದಾರಿಯಲ್ಲೂ ಗುನುಗುನು ಹೇಳಿಕೊಳ್ಳುತ್ತಾ ಅವರ ಮನೆ ಬಾಗಿಲು ತಲುಪಿದೆ. ಚಪ್ಪಲಿ ಬಿಟ್ಟೆ. ಬಾಗಿಲು ತೆರೆದ ಷಡ್ಡಕ ನನ್ನ ಮುಖ ನೋಡಲಿಲ್ಲ, ಕಾಲ ಕೆಳಗೆ ನೋಡಿದ.

"ಹಾಗಲ್ಲ, ಹಾಗಲ್ಲ! ಚಪ್ಪಲಿ ಮೂತಿ ರಸ್ತೆ ಕಡೆಗಿರಲಿ. ಹೊರಡುವಾಗ ರಿವರ್ಸ್ ತಗೊಳ್ಳೋ ಕಷ್ಟ ಇರಲ್ಲ, ನೇರವಾಗಿ ಹಾಕ್ಕೊಂಡು ಹೋಗಬಹುದು. ನಿಧಾನ... ಎಡಗಡೇದು ಮೊದಲು ತಿರುಗಿಸಿ... ಹಾಂ, ಹಾಂ, ಬ್ರೇಕ್!"

ಪಿತ್ತ ನೆತ್ತಿಗೇರಿತು. ಹಲ್ಲು ಕಚ್ಚಿಕೊಂಡು ಚಪ್ಪಲಿ ತಿರುಗಿಸಿಟ್ಟೆ. ಒಳಗೆ ಹೋಗಿ ಟೀ ಕುಡಿದೆ, ಒಂದೂ ಮಾತಾಡದೆ ಧುಮುಗುಡುತ್ತಾ ಹೊರಗೆ ಬಂದೆ, ಕಾಲು ತೂರಿಸಿದೆ, ಸೀದಾ ನಡೆದೆ.

ಏನು ಹೇಳಲಿ, ನಿಜಕ್ಕೂ ಬಹಳ ಸಲೀಸಾಗಿತ್ತು!

ಈಗ ಅವನಿಗೆ ಹೇಳಬೇಕಾದ ಉಪಕಾರದ ಮಾತು ಎರಡಾಯಿತು.